ಅಂತ್ಯ ಬದಲಿಸಿ ಎಂಬ ಬೇಡಿಕೆ: ಆಕ್ಷೇಪಣೆಯೋ, ಕೃಪಾಂಕವೋ?

ವಿಡಿಯೊ ಗೇಮ್ ಬಗ್ಗೆ ಈ ಪತ್ರಿಕೆಯಲ್ಲಿ ಲೇಖನವೇ ಎಂದು ನೀವು ಹುಬ್ಬೇರಿಸಬಹುದು. ಕಾರಣ ಹೇಳಿಬಿಡುತ್ತೇನೆ. ಚಿತ್ರದುರ್ಗದಲ್ಲಿ ನಾನು ಪಾಠ ಹೇಳುವ ಕಾಲೇಜಿಗೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವ ವಿದ್ಯಾರ್ಥಿಗಳು ಬಹಳ. ಬಸ್ಸಿನಲ್ಲಿ ಕಳೆಯುವ ಹೊತ್ತು ಹಿಂದೆ ನಿದ್ದೆಗೆ ಮೀಸಲಾಗಿತ್ತು. ಈಗ ಮೊಬೈಲಿನ ಆಟಕ್ಕೆ. ಒಂದು ದಿನ ಪ್ರಯೋಗಾಲಯದಲ್ಲಿ ಹೊಳಲ್ಕೆರೆ ಕಡೆಯ ಹುಡುಗನೊಬ್ಬ, "ಸಾರ್, ಆಟದ ಕೊನೆ ಸರಿ ಇಲ್ಲ, ಬದಲಾಯಿಸಿ ಅಂತ ಸಾವಿರಾರು ಜನ ಸಹಿ ಮಾಡಿ ಕಂಪನಿಗೆ ಕಳಿಸ್ತಾರೆ. ಅದರಿಂದ ಏನಾದ್ರೂ ಉಪಯೋಗ ಇದೆಯಾ?" ಎಂದು ಕೇಳಿದ. ಅವನ ಕೈಯಲ್ಲಿ ಸರಳ ಲೋಲಕದ ದಾರವಿತ್ತು. "ಮೊದಲು ರೀಡಿಂಗ್ ತಗೋ" ಎಂದೆ. ಅದು ಉತ್ತರವಲ್ಲ, ಜಾರಿಕೊಳ್ಳುವ ಉಪಾಯ. ಈ ಬರಹ ಅವನಿಗೆ ತಡವಾಗಿ ಕೊಡುತ್ತಿರುವ ಉತ್ತರ.

ಆಟದ ಅಂತ್ಯ ಎಂದರೆ ಗಣಕದ ಒಳಗೆ ಏನೆಂಬುದನ್ನು ಮೊದಲು ನೋಡೋಣ. ಕಥೆಯುಳ್ಳ ಆಟದಲ್ಲಿ ಆಟಗಾರ ಒಂದೊಂದು ಆಯ್ಕೆ ಮಾಡಿದಾಗಲೂ ತಂತ್ರಾಂಶ ಅದನ್ನು ಒಂದು ಗುರುತಾಗಿ ನೆನಪಿನಲ್ಲಿಡುತ್ತದೆ: ಸೆರೆಯಾಳನ್ನು ಬಿಟ್ಟರೆ 1, ಕೊಂದರೆ 0. ಇಂಥ ಎರಡೆರಡು ದಾರಿಯ ಆಯ್ಕೆಗಳು ಹತ್ತು ಇದ್ದರೆ ಸಾಧ್ಯವಿರುವ ಸ್ಥಿತಿಗಳು 1,024. ಪ್ರತಿಯೊಂದಕ್ಕೂ ಮೂರು ನಿಮಿಷದ ಅಂತ್ಯದೃಶ್ಯ ತಯಾರಿಸುವುದಾದರೆ 51 ಗಂಟೆಗಳಷ್ಟು ಚಿತ್ರ ಬೇಕು. ಆಯ್ಕೆಗಳು ಇಪ್ಪತ್ತಾದರೆ ಸ್ಥಿತಿಗಳು ಹತ್ತು ಲಕ್ಷ ದಾಟುತ್ತವೆ. ಅಷ್ಟನ್ನು ಯಾರೂ ತಯಾರಿಸಲಾರರು. ಆದ್ದರಿಂದ ಹೊಳೆ ಕವಲೊಡೆದು ಮತ್ತೆ ಕೂಡುವಂತೆ, ಕಥೆಯ ದಾರಿಗಳನ್ನು ಅಲ್ಲಲ್ಲಿ ಕೂಡಿಸಿ ಕೊನೆಗೆ ಮೂರೋ ನಾಲ್ಕೋ ಅಂತ್ಯಗಳಿಗೆ ಇಳಿಸುತ್ತಾರೆ. ಆಟಗಾರರ ಸಿಟ್ಟು ಸಾಮಾನ್ಯವಾಗಿ ಹುಟ್ಟುವುದು ಈ ಇಳಿಕೆಯ ಜಾಗದಲ್ಲಿಯೇ. ಇನ್ನೊಂದು ಮಾತು. ಸಿನಿಮಾದ ಪ್ರತಿ ಒಮ್ಮೆ ಊರೂರಿಗೆ ಹೋದರೆ ತಿದ್ದುವುದು ಕಷ್ಟ. ಆಟಕ್ಕೆ ಅಂತರಜಾಲದ ಮೂಲಕ ತೇಪೆ ಹಾಕಬಹುದು. ತಿದ್ದಲು ಬರುತ್ತದೆ ಎಂದು ಗೊತ್ತಾದ ಮೇಲೆ ತಿದ್ದಿ ಎನ್ನುವವರು ಹುಟ್ಟಿಕೊಳ್ಳುವುದು ಸಹಜ.

ಇಂಥ ಬೇಡಿಕೆಗಳಲ್ಲಿ ಅತಿ ಹೆಸರಾದದ್ದು 2012ರದು. ಕೆನಡಾದ ಬಯೋವೇರ್ ಸಂಸ್ಥೆಯ 'ಮಾಸ್ ಎಫೆಕ್ಟ್' ಮೂರು ಭಾಗಗಳ ಬಾಹ್ಯಾಕಾಶ ಕಥೆ. 2007, 2010, 2012ರಲ್ಲಿ ಹೊರಬಂತು. ಮೊದಲ ಭಾಗದಲ್ಲಿ ನೀವು ಮಾಡಿದ ಆಯ್ಕೆ ಮೂರನೆಯ ಭಾಗದವರೆಗೂ ನಿಮ್ಮ ಜೊತೆ ಬರುತ್ತದೆ ಎಂಬುದೇ ಅದರ ಹೆಗ್ಗಳಿಕೆ. ಎ, ಬಿ, ಸಿ ಎಂದು ಬೆರಳೆಣಿಸಿ ಹೇಳುವಂಥ ಅಂತ್ಯ ಇರುವುದಿಲ್ಲ ಎಂಬ ಅರ್ಥದ ಮಾತನ್ನು ಅದರ ನಿರ್ದೇಶಕರು ಬಿಡುಗಡೆಗೆ ಮುನ್ನವೇ ಆಡಿದ್ದರು. ಮಾರ್ಚ್ 2012ರಲ್ಲಿ ಆಟ ಮುಗಿಸಿದವರಿಗೆ ಸಿಕ್ಕಿದ್ದು ಕೆಂಪು, ನೀಲಿ, ಹಸಿರು ಬಣ್ಣದ ಮೂರು ಸ್ಫೋಟಗಳು. ದೃಶ್ಯ ಬಹುಮಟ್ಟಿಗೆ ಒಂದೇ. ಅಭಿಮಾನಿಗಳು ಒಂದು ಬಗೆಯ ಸತ್ಯಾಗ್ರಹಕ್ಕೇ ಇಳಿದರು. ಮೂರು ಬಣ್ಣದ ಕೆನೆ ಮೆತ್ತಿದ, ಒಳಗೆ ಒಂದೇ ರುಚಿಯ ನಾನೂರು ಪುಟ್ಟ ಕೇಕುಗಳನ್ನು ಸಂಸ್ಥೆಗೆ ಕಳಿಸಿದರು. (ಪ್ರತಿಭಟನೆಯಲ್ಲಿ ಇಷ್ಟು ಹಾಸ್ಯಪ್ರಜ್ಞೆ ನಮ್ಮಲ್ಲಿಯೂ ಇರಬಾರದೇ ಎನಿಸುತ್ತದೆ.) ಮಕ್ಕಳ ಆಸ್ಪತ್ರೆಗಳಿಗೆ ನೆರವಾಗುವ ದತ್ತಿಯೊಂದಕ್ಕೆ 80 ಸಾವಿರ ಡಾಲರಿಗೂ ಹೆಚ್ಚು ಹಣ ಕೂಡಿಸಿಕೊಟ್ಟರು. ಒಬ್ಬಾತ ಅಮೆರಿಕದ ವ್ಯಾಪಾರ ಆಯೋಗಕ್ಕೆ ದೂರನ್ನೂ ಕೊಟ್ಟ. ಜೂನ್ 26ರಂದು ಸಂಸ್ಥೆ ವಿಸ್ತರಿಸಿದ ಅಂತ್ಯವೊಂದನ್ನು ಉಚಿತವಾಗಿ ಬಿಡುಗಡೆ ಮಾಡಿತು.

ಇಷ್ಟನ್ನು ನೋಡಿ 'ಅಭಿಮಾನಿಗಳು ಗೆದ್ದರು' ಎಂದೋ 'ಕಲಾವಿದರು ಮಣಿದರು' ಎಂದೋ ಬರೆದವರೇ ಹೆಚ್ಚು. ನನಗೆ ಕುತೂಹಲ ಹುಟ್ಟಿಸಿದ್ದು ಬೇರೆ. ಅಭಿಮಾನಿಗಳು ಹೇಳಿದ್ದರಲ್ಲಿ ಯಾವುದನ್ನು ತಿದ್ದಿದರು, ಯಾವುದನ್ನು ತಿದ್ದಲಿಲ್ಲ?

ಆ ಕಥೆಯಲ್ಲಿ ನಕ್ಷತ್ರದಿಂದ ನಕ್ಷತ್ರಕ್ಕೆ ಹಡಗುಗಳನ್ನು ಚಿಮ್ಮಿಸುವ 'ರಿಲೇ' ಎಂಬ ಬೃಹತ್ ಯಂತ್ರಗಳಿವೆ. ಎರಡನೆಯ ಭಾಗಕ್ಕೆ 2011ರಲ್ಲಿ ಸೇರಿಸಿದ ಉಪಕಥೆಯಲ್ಲಿ ಅಂಥ ಒಂದೇ ಒಂದು ಯಂತ್ರ ಒಡೆದು, ಅದರ ಶಕ್ತಿಯಿಂದ ಸೌರವ್ಯೂಹದಂಥ ಒಂದು ಇಡೀ ವ್ಯವಸ್ಥೆ ನಾಶವಾಗುತ್ತದೆ. ಮೂರು ಲಕ್ಷ ಜೀವಿಗಳು ಸಾಯುತ್ತಾರೆ. ಮೂರನೆಯ ಭಾಗದ ಅಂತ್ಯದಲ್ಲಿ ಎಲ್ಲ ರಿಲೇಗಳೂ ಒಡೆಯುತ್ತವೆ. ಹಾಗಾದರೆ ಭೂಮಿಯೂ ಸೇರಿದಂತೆ ಎಲ್ಲ ನೆಲೆಗಳೂ ಬೂದಿಯಾಗಬೇಕಲ್ಲವೇ? ಆಟ ಮಾತ್ರ ಏನೂ ಆಗಲಿಲ್ಲವೆಂಬಂತೆ ಮುಂದೆ ಸಾಗುತ್ತದೆ. ಇದು ಭಾವನೆಯ ದೂರಲ್ಲ, ಶಕ್ತಿಯ ಲೆಕ್ಕದ ದೂರು. ಅದೇ ರೀತಿ, ಭೂಮಿಯ ಯುದ್ಧಭೂಮಿಯಲ್ಲಿ ನಾಯಕನ ಪಕ್ಕದಲ್ಲಿ ಓಡುತ್ತಿದ್ದ ಗೆಳೆಯರು ಕೆಲವೇ ನಿಮಿಷಗಳ ನಂತರ ಎಲ್ಲೋ ದೂರದ ಗ್ರಹದಲ್ಲಿ ಹಡಗಿನಿಂದ ಇಳಿಯುತ್ತಾರೆ. ಒಂದೇ ಕಣ ಎರಡು ಕಡೆ ಇದ್ದಂತಾಯಿತು! ವಿಸ್ತರಿಸಿದ ಅಂತ್ಯ ಈ ಎರಡನ್ನೂ ಸರಿಪಡಿಸಿತು. ರಿಲೇಗಳು ಪೂರ್ತಿ ಸಿಡಿಯದೆ ಜಖಂಗೊಳ್ಳುವಂತೆ ತೋರಿಸಿದರು. ಗೆಳೆಯರನ್ನು ಹಡಗು ಬಂದು ಎತ್ತಿಕೊಂಡು ಹೋಗುವ ದೃಶ್ಯ ಸೇರಿಸಿದರು. ಮೂರು ಆಯ್ಕೆಗಳನ್ನು ಮಾತ್ರ ಬದಲಿಸಲಿಲ್ಲ. ನಾಯಕ ಮನೆಗೆ ಮರಳಿ ಸುಖವಾಗಿರಬೇಕೆಂಬ ಬೇಡಿಕೆಗೂ ಕಿವಿಗೊಡಲಿಲ್ಲ. ಮೂರೂ ಬೇಡ ಎನ್ನುವವರಿಗೆ ನಾಲ್ಕನೆಯ ದಾರಿಯೊಂದನ್ನು ಕೊಟ್ಟರು. ಅದನ್ನು ಹಿಡಿದರೆ ಯುದ್ಧದಲ್ಲಿ ಸೋಲು. ಇಷ್ಟು ಖಾರವಾದ ಉತ್ತರವನ್ನು ನಾನಂತೂ ನಿರೀಕ್ಷಿಸಿರಲಿಲ್ಲ.

ಅಧ್ಯಾಪಕರಾದ ನಿಮಗೆ ಇಲ್ಲಿ ಒಂದು ಪರಿಚಿತ ವ್ಯತ್ಯಾಸ ಕಾಣಬೇಕು. ಸಿಇಟಿ ಮುಗಿದ ಮೇಲೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ತಾತ್ಕಾಲಿಕ ಕೀ ಉತ್ತರಗಳನ್ನು ಪ್ರಕಟಿಸಿ, ಆಕ್ಷೇಪಣೆಗಳನ್ನು ಸಮರ್ಥನೆಯೊಂದಿಗೆ ಆಹ್ವಾನಿಸುತ್ತದೆ. ಇಂಥ ಪ್ರಶ್ನೆಗೆ ಇಂಥ ನಿಯಮದ ಪ್ರಕಾರ 'ಬಿ' ಅಲ್ಲ, 'ಸಿ' ಸರಿ ಎಂದು ತೋರಿಸಿದರೆ ಒಬ್ಬನೇ ವಿದ್ಯಾರ್ಥಿಯ ಅರ್ಜಿಯೂ ಸಾಕು. 'ನನಗೆ ಐದು ಅಂಕ ಕಡಿಮೆ ಬೀಳುತ್ತದೆ, ದಯವಿಟ್ಟು ಕೊಡಿ' ಎಂದರೆ ಅದು ಆಕ್ಷೇಪಣೆಯಲ್ಲ, ಕೃಪಾಂಕದ ಬೇಡಿಕೆ. ಹತ್ತು ಸಾವಿರ ಜನ ಸಹಿ ಹಾಕಿದರೂ ಅದು ಕೃಪಾಂಕವೇ. ಅಂತ್ಯ ಬದಲಿಸಿ ಎನ್ನುವ ಚಳವಳಿಗಳಲ್ಲಿ ಈ ಎರಡೂ ಬೆರೆತಿರುತ್ತವೆ. ಬೇರ್ಪಡಿಸಲು ನಾನು ಬಳಸುವ ಪರೀಕ್ಷೆ ಸರಳ. ನಿಮಗೆ ಯಾವ ಪಾತ್ರ ಇಷ್ಟ ಎಂಬುದನ್ನು ಬಾಯಿಬಿಡದೆ ನಿಮ್ಮ ದೂರನ್ನು ಹೇಳಿ ನೋಡಿ. ಹೇಳಲು ಬಂದರೆ ಆಕ್ಷೇಪಣೆ. ಬಾರದಿದ್ದರೆ ಕೃಪಾಂಕ.

ಹಾಗಾದರೆ ಸಂಖ್ಯೆಗೆ ಬೆಲೆಯೇ ಇಲ್ಲವೇ ಎಂದು ಕೇಳಬಹುದು. ಇದೆ, ಆದರೆ ಮಿತಿಯಲ್ಲಿ. ನೂರರಲ್ಲಿ ಎಂಬತ್ತು ಮಕ್ಕಳು ಒಂದೇ 'ತಪ್ಪು' ಉತ್ತರ ಬರೆದಿದ್ದರೆ ಅನುಭವಿ ಮೌಲ್ಯಮಾಪಕರು ಮೊದಲು ಪ್ರಶ್ನೆಪತ್ರಿಕೆಯನ್ನು ಮತ್ತೊಮ್ಮೆ ಓದುತ್ತಾರೆ. ಸಂಖ್ಯೆ ಎಲ್ಲಿ ಹುಡುಕಬೇಕೆಂದು ಹೇಳುತ್ತದೆ; ಏನು ಸಿಗಬೇಕೆಂದು ಹೇಳುವುದಿಲ್ಲ.

ಆಕ್ಷೇಪಣೆಯ ಅತಿ ಸ್ಪಷ್ಟ ಉದಾಹರಣೆ 'ಫಾಲ್‌ಔಟ್ 3' ಎಂಬ 2008ರ ಆಟದ್ದು. ಅಣುಯುದ್ಧದ ನಂತರದ ಲೋಕ. ಕೊನೆಯಲ್ಲಿ ನೀರು ಶುದ್ಧೀಕರಿಸುವ ಯಂತ್ರವನ್ನು ಚಾಲೂ ಮಾಡಲು ಯಾರಾದರೂ ಮಾರಕ ವಿಕಿರಣ ತುಂಬಿದ ಕೋಣೆಗೆ ಹೋಗಬೇಕು, ಹೋದವರು ಬದುಕುವುದಿಲ್ಲ. ತ್ಯಾಗದ ಅಂತ್ಯ, ಚೆನ್ನಾಗಿಯೇ ಇದೆ. ಆದರೆ ಆ ಹೊತ್ತಿಗೆ ನಿಮ್ಮ ಜೊತೆಯಲ್ಲಿ ವಿಕಿರಣದಿಂದ ಏನೂ ಆಗದ ಫಾಕ್ಸ್ ಎಂಬ ದೈತ್ಯ ಇರಬಹುದು. ಅದೇ ಆಟದಲ್ಲಿ ಸ್ವಲ್ಪ ಹಿಂದೆ, ವಿಕಿರಣ ತುಂಬಿದ ಮತ್ತೊಂದು ಕೋಣೆಗೆ ಹೋಗಿ ನಿಮಗೆ ಬೇಕಾದ ಯಂತ್ರವನ್ನು ತಂದುಕೊಟ್ಟವನೇ ಅವನು! ಕೊನೆಯಲ್ಲಿ "ಇದು ನಿನ್ನ ಹಣೆಬರಹ, ನಾನು ಅಡ್ಡಬರುವುದಿಲ್ಲ" ಎಂಬ ಧಾಟಿಯಲ್ಲಿ ಮಾತಾಡಿ ದೂರ ನಿಲ್ಲುತ್ತಾನೆ. ನಿಯಮ ಒಂದು ಕಡೆ ಅನ್ವಯಿಸಿ ಇನ್ನೊಂದು ಕಡೆ ಅನ್ವಯಿಸದಿದ್ದರೆ ಅದು ನಿಯಮವೇ ಅಲ್ಲ. ದೂರುಗಳು ಬಂದವು. 2009ರ ಮೇ ತಿಂಗಳಲ್ಲಿ ಬಂದ ಸೇರ್ಪಡೆಯಲ್ಲಿ ಆ ದೈತ್ಯನನ್ನು ಒಳಗೆ ಕಳಿಸಲು ಅವಕಾಶವಾಯಿತು. ನಾಯಕ ಒಳಹೋದರೂ ಬದುಕಿ, ಆಟ ಮುಂದುವರಿಯುವಂತೆಯೂ ಮಾಡಿದರು. ಮೊದಲನೆಯದು ಆಕ್ಷೇಪಣೆಗೆ ಸಂದ ನ್ಯಾಯ. ಎರಡನೆಯದು ಶುದ್ಧ ಕೃಪಾಂಕ. ಮಾರಕವೆಂದ ವಿಕಿರಣದಿಂದ ಮನುಷ್ಯ ಎರಡು ವಾರ ಮಲಗಿ ಎದ್ದು ಬರುವುದಾದರೆ ಮೊದಲಿನ ತ್ಯಾಗಕ್ಕೆ ಬೆಲೆಯೇನು?

ನಿಜ ಲೋಕದಲ್ಲಿ ವಿಕಿರಣ ಯಂತ್ರಗಳನ್ನೂ ಬಿಡುವುದಿಲ್ಲ ಎಂಬುದನ್ನು ವಿದ್ಯಾರ್ಥಿಗಳು ತಿಳಿದಿರಬೇಕು. 1986ರಲ್ಲಿ ಚೆರ್ನೋಬಿಲ್ ಸ್ಥಾವರದ ಮಾಡಿನ ಮೇಲೆ ಬಿದ್ದಿದ್ದ ಗ್ರಾಫೈಟ್ ತುಂಡುಗಳನ್ನು ತೆಗೆಯಲು ತಂದ ರೋಬಾಟುಗಳು ಕೆಟ್ಟು ನಿಂತಾಗ, ಕೊನೆಗೆ ಮನುಷ್ಯರನ್ನೇ ಒಂದೆರಡು ನಿಮಿಷಗಳ ಲೆಕ್ಕದಲ್ಲಿ ಕಳಿಸಬೇಕಾಯಿತು. ಹಾಗೆಂದು ಆಟದ ದೈತ್ಯನಿಗೆ ಈ ನಿಯಮ ಹೇರುವಂತಿಲ್ಲ. ಕೃತಿ ತನ್ನ ಲೋಕಕ್ಕೆ ಯಾವ ನಿಯಮವನ್ನಾದರೂ ಕೊಟ್ಟುಕೊಳ್ಳಲಿ. ಕೊಟ್ಟ ಮೇಲೆ ಪಾಲಿಸಬೇಕು, ಅಷ್ಟೆ.

ಆ ಸೇರ್ಪಡೆ ಉಚಿತವಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಅರ್ಧ ಬೇಯಿಸಿದ ಅನ್ನ ಬಡಿಸಿ, ಬೇಯಿಸಿದ್ದಕ್ಕೆ ಬೇರೆ ದುಡ್ಡು ಕೇಳಿದಂತೆ. ಚಳವಳಿಗಳು ಗೆದ್ದಷ್ಟೂ ಕಂಪನಿಗಳು ಈ ಪಾಠ ಕಲಿತುಬಿಡುವ ಅಪಾಯವಿದೆ.

ಆಟಗಳಿಗಿಂತ ಮುಂಚೆಯೇ, ಭೌತಶಾಸ್ತ್ರದ ವಿದ್ಯಾರ್ಥಿಗಳೇ ಕತೆಗಾರನನ್ನು ತಿದ್ದಿದ ಪ್ರಸಂಗವೊಂದಿದೆ. ಲ್ಯಾರಿ ನಿವೆನ್ ಅವರ 'ರಿಂಗ್‌ವರ್ಲ್ಡ್' ಕಾದಂಬರಿ 1970ರಲ್ಲಿ ಬಂತು. ನಕ್ಷತ್ರವೊಂದರ ಸುತ್ತ, ಭೂಮಿಯ ಕಕ್ಷೆಯಷ್ಟು ದೊಡ್ಡದಾದ ಗಟ್ಟಿ ಬಳೆ. ಅದರ ಒಳಮೈ ಮೇಲೆ ಜನ ವಾಸಿಸುತ್ತಾರೆ. ಮರುವರ್ಷ ಬಾಸ್ಟನ್ನಿನಲ್ಲಿ ನಡೆದ ವೈಜ್ಞಾನಿಕ ಕಥಾ ಸಮ್ಮೇಳನದ ಹಜಾರಗಳಲ್ಲಿ ಎಂಐಟಿಯ ವಿದ್ಯಾರ್ಥಿಗಳು "ಬಳೆ ಅಸ್ಥಿರ, ಬಳೆ ಅಸ್ಥಿರ" ಎಂದು ಘೋಷಣೆ ಕೂಗಿದರು. ಅವರು ಹೇಳಿದ್ದು ಸರಿ. ಗಟ್ಟಿ ಬಳೆಯ ನಡುವೆ ನಕ್ಷತ್ರ ಕರಾರುವಾಕ್ಕಾಗಿ ಕೇಂದ್ರದಲ್ಲಿದ್ದರೆ ಎಳೆತಗಳು ಸಮ. ಬಳೆ ಕೂದಲೆಳೆಯಷ್ಟು ಸರಿದರೂ ನಕ್ಷತ್ರಕ್ಕೆ ಹತ್ತಿರವಾದ ಬದಿಯ ಮೇಲಿನ ಎಳೆತ ಹೆಚ್ಚುತ್ತದೆ. ಆ ಎಳೆತದಿಂದ ಇನ್ನಷ್ಟು ಹತ್ತಿರ, ಅದರಿಂದ ಇನ್ನಷ್ಟು ಎಳೆತ. ಬೋರಲು ಹಾಕಿದ ಮಡಕೆಯ ಮೇಲೆ ಗೋಲಿ ಇಟ್ಟಂತೆ. ಶನಿಯ ಬಳೆಗಳು ಒಂದೇ ಗಟ್ಟಿ ತುಂಡಾಗಿರಲಾರವು, ಅಸಂಖ್ಯ ಚಿಕ್ಕ ಕಣಗಳಾಗಿರಬೇಕು ಎಂದು ಮ್ಯಾಕ್ಸ್‌ವೆಲ್ 1859ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ತೋರಿಸಿದ್ದ. ನಿವೆನ್ ಸಿಟ್ಟಾಗಲಿಲ್ಲ. ಸುಮಾರು ಹತ್ತು ವರ್ಷಗಳ ನಂತರ ಬರೆದ ಎರಡನೆಯ ಕಾದಂಬರಿಯಲ್ಲಿ ಬಳೆಯ ಅಂಚಿಗೆ ಅದನ್ನು ಸ್ಥಾನದಲ್ಲಿ ನಿಲ್ಲಿಸುವ ಜೆಟ್‌ಗಳನ್ನು ಅಳವಡಿಸಿದರು. ಅಷ್ಟೇ ಅಲ್ಲ, ಆ ಜೆಟ್‌ಗಳು ಕಳವಾಗಿ ಬಳೆ ಓಲಾಡತೊಡಗಿದ್ದೇ ಆ ಕಾದಂಬರಿಯ ಕಥೆಯಾಯಿತು. ವಿದ್ಯಾರ್ಥಿಗಳ ಆಕ್ಷೇಪಣೆಯಿಂದ ಒಂದು ಇಡೀ ಪುಸ್ತಕವೇ ಹುಟ್ಟಿತು.

ಇನ್ನು ನಮ್ಮೂರಿಗೆ ಬರೋಣ. ಚಿತ್ರದುರ್ಗದವರಿಗೆ ಕಥೆಯ ಅಂತ್ಯದ ಜಗಳ ಹೊಸದಲ್ಲ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಕೂಡಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ 'ನಾಗರಹಾವು' ಮಾಡಿದರು. ಸಿನಿಮಾ ತಮ್ಮ ಕಥೆಗೆ ನ್ಯಾಯ ಒದಗಿಸಿಲ್ಲವೆಂದು ತ.ರಾ.ಸು. ಅವರಿಗೆ ಅಸಮಾಧಾನವಿದ್ದದ್ದು ಎಲ್ಲರಿಗೂ ಗೊತ್ತು. ಪ್ರೇಕ್ಷಕರ ಅಸಮಾಧಾನ ಬೇರೆ ಬಗೆಯದು. ಚಾಮಯ್ಯ ಮೇಷ್ಟ್ರು ಸಾಯಬೇಕಿತ್ತೇ? ರಾಮಾಚಾರಿ, ಮಾರ್ಗರೆಟ್ ಇಬ್ಬರೂ ಬಂಡೆಯಿಂದ ಹಾರಬೇಕಿತ್ತೇ? 2018ರಲ್ಲಿ ಚಿತ್ರ ಹೊಸ ರೂಪದಲ್ಲಿ ಮತ್ತೆ ತೆರೆಗೆ ಬಂದಾಗಲೂ ಕೋಟೆಯ ದಾರಿಯ ಚಹಾ ಅಂಗಡಿಯಲ್ಲಿ ಈ ಪ್ರಶ್ನೆ ಕೇಳಿದ್ದೇನೆ. ನನ್ನ ಪರೀಕ್ಷೆಯನ್ನು ಇಲ್ಲಿ ಹಚ್ಚಿ ನೋಡಿ. ಆ ಚಿತ್ರದ ಲೋಕಕ್ಕೆ ಇರುವ ನಿಯಮ ಒಂದೇ: ರಾಮಾಚಾರಿ ಯಾರ ಮಾತನ್ನೂ ಕೇಳುವುದಿಲ್ಲ, ಮೇಷ್ಟ್ರ ಮಾತನ್ನು ಮೀರುವುದಿಲ್ಲ. ಮೇಷ್ಟ್ರು ಹೇಳಿದರೆಂದು ಅಲಮೇಲುವನ್ನು ಬಿಟ್ಟುಕೊಟ್ಟ. ಅವಳ ಬಾಳು ಹಾಳಾದದ್ದನ್ನು ಮುಂದೆ ಕಣ್ಣಾರೆ ಕಂಡ. ಎರಡನೆಯ ಸಲ ಮೇಷ್ಟ್ರು ಅದೇ ಆಜ್ಞೆ ಮಾಡಿದಾಗ, ಮೊದಲಿನ ವಿಧೇಯತೆಯೇ ಅವನನ್ನು ಎದುರು ನಿಲ್ಲಿಸುತ್ತದೆ. ಮೀರಲಾರ, ಪಾಲಿಸಲಾರ. ಆ ಬಂಡೆಯ ಮೇಲೆ ಆದದ್ದು ಆಕಸ್ಮಿಕವಲ್ಲ. ಮೇಷ್ಟ್ರನ್ನು ಬದುಕಿಸಿ ಎಂಬುದು ಆದ್ದರಿಂದ ಕೃಪಾಂಕದ ಬೇಡಿಕೆ. ಮೇಷ್ಟ್ರ ಕೆಲಸವನ್ನೇ ಮಾಡುತ್ತ ಬಂದ ನನಗೆ ಅವರು ಬದುಕಬೇಕೆಂದು ಪ್ರತಿ ಸಲವೂ ಅನಿಸುತ್ತದೆ, ಅನಿಸಿದ್ದು ಆಕ್ಷೇಪಣೆಯಾಗುವುದಿಲ್ಲ.

ಕೃಪಾಂಕ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ 1998ರ ಮಲಯಾಳಂ ಚಿತ್ರ 'ಹರಿಕೃಷ್ಣನ್ಸ್' ಸಾಕ್ಷಿ. ಮಮ್ಮೂಟ್ಟಿ, ಮೋಹನ್‌ಲಾಲ್ ಇಬ್ಬರೂ ಮೆಚ್ಚಿದ ನಾಯಕಿ ಯಾರಿಗೆ ಒಲಿಯಬೇಕು? ಎರಡು ಅಂತ್ಯಗಳನ್ನು ತಯಾರಿಸಿ ಬೇರೆಬೇರೆ ಪ್ರತಿಗಳಲ್ಲಿ ತೋರಿಸಿದರು. ವ್ಯಾಪಾರಕ್ಕೆ ಜಾಣತನ. ಆದರೆ ಗಿರಾಕಿಯ ಮುಖ ನೋಡಿ ತೂಕ ತೋರಿಸುವ ತಕ್ಕಡಿಯನ್ನು ಯಾರಾದರೂ ತಕ್ಕಡಿ ಎನ್ನುತ್ತಾರೆಯೇ?

ಅಂತ್ಯ ಗಟ್ಟಿಯಾಗಿದ್ದರೆ ಪಾತ್ರಕ್ಕೆ ಸ್ವಾತಂತ್ರ್ಯವಿಲ್ಲ ಎಂದು ವಾದಿಸುವವರು ಕರಾವಳಿಯ ತಾಳಮದ್ದಲೆಯನ್ನು ಒಮ್ಮೆ ಕೇಳಬೇಕು. ವಾಲಿಯ ಅರ್ಥ ಹೇಳುವವರು ರಾಮನನ್ನು ಮಾತಿನಲ್ಲಿ ಕಟ್ಟಿಹಾಕಬಹುದು. ಸಭೆಯೆಲ್ಲ ವಾಲಿಯ ಕಡೆ ವಾಲಬಹುದು. ಆದರೂ ವಾಲಿ ಬೀಳಲೇಬೇಕು. ಬೀಳುತ್ತಾನೆಂದು ಎಲ್ಲರಿಗೂ ಗೊತ್ತಿರುವುದರಿಂದಲೇ ಅವನು ಏನು ಹೇಳಿ ಬೀಳುತ್ತಾನೆ ಎಂಬುದಕ್ಕೆ ಬೆಳಗಿನವರೆಗೂ ಕಾಯುತ್ತಾರೆ. ತ.ರಾ.ಸು. ಅವರ 'ದುರ್ಗಾಸ್ತಮಾನ'ದ ಅಂತ್ಯವಂತೂ ಶೀರ್ಷಿಕೆಯಲ್ಲಿಯೇ ಇದೆ. 1779ರಲ್ಲಿ ಕೋಟೆ ಹೈದರಾಲಿಗೆ ಬಿದ್ದದ್ದನ್ನು ಯಾವ ಓದುಗನೂ ಬದಲಿಸಲಾರ.

ಈಗ ಆ ಹುಡುಗನ ಕೈಯಲ್ಲಿದ್ದ ಲೋಲಕಕ್ಕೆ ಮರಳುತ್ತೇನೆ. ಗುರುತ್ವ ವೇಗೋತ್ಕರ್ಷಕ್ಕೆ ಪುಸ್ತಕದಲ್ಲಿರುವ ಬೆಲೆ 9.81 ಮೀ./ಸೆ.². ದಾಖಲೆ ಪುಸ್ತಕಗಳನ್ನು ತಿದ್ದಲು ಕೂತರೆ ಬಹುತೇಕ ಎಲ್ಲರದೂ 9.81! ಉತ್ತರ ಮೊದಲು ಬರೆದು, ರೀಡಿಂಗ್‌ಗಳನ್ನು ಹಿಂದಿನಿಂದ ಹೊಂದಿಸಿದ್ದು ಎದ್ದು ಕಾಣುತ್ತದೆ. ತಮಾಷೆಯೆಂದರೆ ಚಿತ್ರದುರ್ಗದಲ್ಲಿ ಆ ಬೆಲೆ 9.81 ಅಲ್ಲವೇ ಅಲ್ಲ. ನಾವಿರುವುದು ಸುಮಾರು 14 ಡಿಗ್ರಿ ಅಕ್ಷಾಂಶದಲ್ಲಿ, ಸಮುದ್ರಮಟ್ಟದಿಂದ 700 ಮೀಟರಿಗೂ ಎತ್ತರದಲ್ಲಿ. ಇಲ್ಲಿ ಅದು ಸುಮಾರು 9.78. ಒಂದು ಮೀಟರ್ ಉದ್ದದ ಲೋಲಕ 20 ಆಂದೋಲನ ಮುಗಿಸಲು ಇಲ್ಲಿ 40.18 ಸೆಕೆಂಡ್ ಬೇಕು, 9.81 ಇರುವ ಕಡೆ 40.12. ಕೈಗಡಿಯಾರ ಒತ್ತುವ ಬೆರಳಿನ ತಡವೇ ಈ ಅಂತರಕ್ಕಿಂತ ದೊಡ್ಡದು. ಆದ್ದರಿಂದ ಪ್ರಾಮಾಣಿಕ ವಿದ್ಯಾರ್ಥಿಗೆ 9.7 ಬರಬಹುದು, 9.9 ಬರಬಹುದು. ಎಲ್ಲರಿಗೂ ಒಂದೇ 9.81 ಬರುವುದು ಸಾಧ್ಯವಿಲ್ಲ. ಅವರು ಇಷ್ಟಪಟ್ಟು ಬದಲಿಸಿಕೊಂಡ ಅಂತ್ಯ ಈ ಊರಿನ ಮಟ್ಟಿಗೆ ಸುಳ್ಳು. ಇದರಲ್ಲಿ ನಮ್ಮ ಪಾಲೂ ಇದೆ. 9.6 ಬಂದ ಹುಡುಗಿಗೆ ಕಡಿಮೆ ಅಂಕ ಕೊಟ್ಟು, 9.81 ನಕಲು ಮಾಡಿದವನಿಗೆ ಪೂರ್ತಿ ಅಂಕ ಕೊಡುವವರು ಯಾರು?

ಆಟದ ಅಂತ್ಯದ ಬಗ್ಗೆ ತಕರಾರು ತೆಗೆಯುವ ಹುಡುಗರನ್ನು ಕೆಲಸವಿಲ್ಲದವರೆಂದು ನಾನು ಬೈಯದಿರಲು ಇದೇ ಕಾರಣ. 'ಹಿಂದೆ ಒಂದು ರಿಲೇ ಒಡೆದಾಗ ಇಷ್ಟು ಶಕ್ತಿ ಬಂತು, ಈಗ ಎಲ್ಲಿ ಹೋಯಿತು?' ಎಂದು ಕೇಳುವವನು ಪ್ರಯೋಗಾಲಯದಲ್ಲಿ ಕೇಳಬೇಕಾದ ಪ್ರಶ್ನೆಯನ್ನೇ ಕೇಳುತ್ತಿದ್ದಾನೆ. ಅವನಿಗೆ ಸಹಿ ಹಾಕುವವರು ನೂರು ಮಂದಿ ಸಿಗಲಿ, ಒಬ್ಬನೂ ಸಿಗದಿರಲಿ, ಪ್ರಶ್ನೆ ಕೇಳಿದ್ದೇ ಸಾರ್ಥಕ. 'ನನ್ನ ನಾಯಕ ಸಾಯಬಾರದು' ಎನ್ನುವವನು 9.81 ಬರೆದುಕೊಳ್ಳುವ ಹುಡುಗನ ಅಣ್ಣ.

ಇದನ್ನು ತರಗತಿಯಲ್ಲಿ ಹೇಳಿದ ಮೇಲೆ ನಾಲ್ಕೈದು ಮಂದಿ ಸೇರಿ ಒನಕೆ ಓಬವ್ವನ ಕಿಂಡಿಯ ಆಟವೊಂದನ್ನು ಬರೆಯಲು ಹೊರಟಿದ್ದಾರೆ. ಓಬವ್ವ ಸಾಯದಂತೆ ಮಾಡಬೇಕೆಂದು ಮೊದಲೇ ತೀರ್ಮಾನಿಸಿಕೊಂಡು ಬಂದಿದ್ದರು. ಹಾಗಿದ್ದರೆ ಕಾವಲುಗಾರ ಗಂಡ ಊಟ ಬಿಟ್ಟು ಎಷ್ಟು ಹೊತ್ತಿಗೆ ಏಳಬೇಕು, ಅಷ್ಟರಲ್ಲಿ ಎಷ್ಟು ಮಂದಿ ಸೈನಿಕರು ಕಿಂಡಿಯಲ್ಲಿ ನುಸುಳಬಹುದು, ಒಬ್ಬೊಬ್ಬರಿಗೆ ಎಷ್ಟು ಸೆಕೆಂಡ್ ಹಿಡಿಯುತ್ತದೆ ಎಂದು ಕೇಳಿದೆ. ಹೊಸದುರ್ಗದ ಹುಡುಗಿ, ಗಂಡ ಬೇಗ ಬಂದರೆ ಓಬವ್ವ ಒನಕೆ ಹಿಡಿಯುವುದೇ ಇಲ್ಲವಲ್ಲ ಸಾರ್ ಎಂದಳು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಭಾನುವಾರ ಕೋಟೆಗೆ ಹೋಗಿ ಕಿಂಡಿಯ ಅಗಲ ಅಳೆದುಕೊಂಡು ಬರಲು ಹೇಳಿದ್ದೇನೆ. ಮೂರು ಸಲ ಅಳೆದು, ಮೂರನ್ನೂ ಬಂದಂತೆಯೇ ಬರೆದುಕೊಂಡು.